ಕೋಟೆಯೊಳಗಿನ ಚರ್ಚು ಮತ್ತು ನಮ್ಮ ಹಳೇ ಚಾವಡಿ



ಈ ಬೆಳ್ಳಿಹಬ್ಬದ ಸಂಚಿಕೆಗೆ ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಕಾಳುಮೆಣಸಿನ ರೋಗದ ಬಗ್ಗೆ ಬರೆಯಿರಿ ಎಂದರು ಕೆಲವರು, ಸಾಲ ವಸೂಲಾತಿಯ ಬಗ್ಗೆ ಬರೆಯಿರಿ ಎಂದರು ಕೆಲವರು. ಅವೆರಡನ್ನೂ ನನಗಿಂತ ಚೆನ್ನಾಗಿ ಬಲ್ಲವರು ಬರೆದು ಕೊಟ್ಟಿದ್ದಾರೆ. ನಾನು ಬರೆಯಹೊರಟಿರುವುದು ಒಂದು ಕಟ್ಟಡದ ಚರಿತ್ರೆ. ಮಡಿಕೇರಿ ಕೋಟೆಯೊಳಗೆ ಈಗ ಮ್ಯೂಸಿಯಂ ಇದೆಯಲ್ಲ, ಹಿಂದೆ ಚರ್ಚಾಗಿದ್ದ ಕಟ್ಟಡ, ಅದರದ್ದು. ನಮ್ಮಲ್ಲಿ ಬಹಳ ಮಂದಿ ಶಾಲೆಯಲ್ಲಿದ್ದಾಗ ಮೇಷ್ಟ್ರ ಹಿಂದೆ ಸಾಲಾಗಿ ಅದರೊಳಗೆ ಹೋಗಿ ಬಂದವರೇ. ಆಮೇಲೆ ಕಚೇರಿ ಕೆಲಸಕ್ಕೆಂದು ನೂರು ಸಲ ಕೋಟೆ ಹತ್ತಿದ್ದರೂ ಆ ಬಾಗಿಲ ಕಡೆ ತಲೆ ಹಾಕಿದವರು ಕಡಿಮೆ.

ಈಗ ಯಾಕೆ ಈ ವಿಚಾರ ಅಂತ ಕೇಳುವವರಿಗೆ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ನಮ್ಮ ಸಂಘ ಹುಟ್ಟಿದ ಹಳೇ ಚಾವಡಿಯನ್ನು ಕೆಡವಿ, ಅದೇ ಜಾಗದಲ್ಲಿ ಕೆಳಗೆ ಗೋದಾಮು, ಮೇಲೆ ಸಭಾಂಗಣ, ರಸ್ತೆ ಕಡೆಗೆ ನಾಲ್ಕು ಮಳಿಗೆ ಕಟ್ಟುವ ಪ್ರಸ್ತಾವ ಆಡಳಿತ ಮಂಡಳಿಯ ಮುಂದಿದೆ. ಮುಂದಿನ ಮಹಾಸಭೆಗೆ ಅದು ಬರುತ್ತದೆ. ನಾನೂ ಮಂಡಳಿಯ ಒಬ್ಬ ನಿರ್ದೇಶಕ. ಹೊಸ ಗೋದಾಮು ಬೇಕು ಎಂಬುದರಲ್ಲಿ ನನ್ನದು ಎರಡು ಮಾತಿಲ್ಲ. ಅದಕ್ಕಾಗಿ ಚಾವಡಿ ಹೋಗಬೇಕು ಎಂಬುದರಲ್ಲಿ ಇದೆ. ಮಹಾಸಭೆಯಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ ಸಿಕ್ಕಿದರೆ ಹೆಚ್ಚು, ಅದರಲ್ಲಿ ಮೂರು ನಿಮಿಷ ಮೈಕು ಸರಿಮಾಡುವುದರಲ್ಲೇ ಹೋಗುತ್ತದೆ. ಬರೆದುಬಿಟ್ಟರೆ ನೀವು ಮನೆಯಲ್ಲಿ ನಿಧಾನವಾಗಿ ಓದಬಹುದು. ನಾನು ಎಸ್.ಎಸ್.ಎಲ್.ಸಿ.ಯವರೆಗೆ ಓದಿದ ಕೃಷಿಕ, ಇಂಜಿನಿಯರ್ ಅಲ್ಲ. ಕಣ್ಣಿಗೆ ಕಂಡದ್ದು, ಬಲ್ಲವರಿಂದ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು ಇಷ್ಟನ್ನೇ ಇಲ್ಲಿ ಇಟ್ಟಿದ್ದೇನೆ.

ಮೊದಲು ಕೋಟೆಯ ಮಾತು. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದ. ಮುದ್ದುರಾಜನ ಕೇರಿಯೇ ಮಡಿಕೇರಿ ಆಯಿತು ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆತ ಕಟ್ಟಿಸಿದ್ದು ಮಣ್ಣಿನ ಕೋಟೆ. ಸುಮಾರು ನೂರು ವರ್ಷದ ಮೇಲೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ಕಲ್ಲಿನದಾಯಿತು, ಜಾಫರಾಬಾದ್ ಎಂಬ ಹೆಸರೂ ಬಂತು. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ತಿರುಗಿ ವಶಪಡಿಸಿಕೊಂಡ. ಅವನ ತಮ್ಮ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಒಳಗಿನ ಅರಮನೆಯನ್ನು ಇಟ್ಟಿಗೆ ಗಾರೆಯಲ್ಲಿ ಹೊಸದಾಗಿ ಕಟ್ಟಿಸಿದ. ಕೋಟೆಯ ಆಕಾರವನ್ನು ಒಮ್ಮೆ ಗಮನಿಸಿ ನೋಡಿ. ಚೌಕವೂ ಇಲ್ಲ, ದುಂಡಗೂ ಇಲ್ಲ. ಗುಡ್ಡದ ತಲೆ ಹೇಗಿದೆಯೋ ಹಾಗೆ ಆರು ಮೂಲೆ, ಮೂಲೆಗೊಂದು ದುಂಡನೆಯ ಬುರುಜು, ಪೂರ್ವಕ್ಕೆ ಸುತ್ತಿ ಬಳಸಿ ಒಳಗೆ ಹೋಗುವ ಬಾಗಿಲು. ನಾವು ಇಳಿಜಾರಿನ ಗದ್ದೆಗೆ ಬದು ಹಾಕುವಾಗ ನೆಲ ಹೇಳಿದ ಹಾಗೆ ಕೇಳುತ್ತೇವಲ್ಲ, ಅದೇ ಲೆಕ್ಕ.

ಕೋಟೆಯೊಳಗೆ ಅರಮನೆಯ ಜೊತೆಗೆ ಒಂದು ವೀರಭದ್ರ ದೇವಸ್ಥಾನವಿತ್ತು. ಹಾಲೇರಿ ಅರಸರು ಲಿಂಗಾಯತರು, ವೀರಭದ್ರ ಅವರ ಭಕ್ತಿಯ ದೈವ. ಈಗ ಮ್ಯೂಸಿಯಂ ನಿಂತಿರುವುದು ಆ ದೇವಸ್ಥಾನ ಇದ್ದ ಸ್ಥಳದಲ್ಲಿ.

1834ರ ಏಪ್ರಿಲ್ ತಿಂಗಳಲ್ಲಿ ಇಂಗ್ಲಿಷರ ಸೈನ್ಯ ಮಡಿಕೇರಿಗೆ ಬಂತು, ಕಡೆಯ ಅರಸ ಚಿಕ್ಕವೀರರಾಜೇಂದ್ರ ಪದವಿ ಕಳೆದುಕೊಂಡ. ಅವನನ್ನು ಕೊಡಗಿನಿಂದ ದೂರ ಕಾಶಿಯಲ್ಲಿ ಇಟ್ಟರು. ಅರಮನೆ ಇಂಗ್ಲಿಷರ ಕಚೇರಿಯಾಯಿತು. ಇಪ್ಪತ್ತು ವರ್ಷ ಕಳೆದ ಮೇಲೆ, 1854ರಲ್ಲಿ, ಫೌಲರ್ ಎಂಬ ದೊರೆ ಮಡಿಕೇರಿ ಹತ್ತಿರ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. ಅವನ ಹಿಂದೆ ಇನ್ನೂ ಹಲವರು ಬಂದರು. ಅಧಿಕಾರಿಗಳು, ಸೈನಿಕರು ಮೊದಲೇ ಇದ್ದರು, ಈಗ ಪ್ಲಾಂಟರ್ ಕುಟುಂಬಗಳೂ ಸೇರಿದವು. ಅವರಿಗೆ ಭಾನುವಾರದ ಪ್ರಾರ್ಥನೆಗೆ ಒಂದು ಜಾಗ ಬೇಕಾಯಿತು. 1855ರಲ್ಲಿ ವೀರಭದ್ರ ದೇವಸ್ಥಾನವನ್ನು ತೆಗೆದರು. ಮದರಾಸು ಸರ್ಕಾರದ ಹಣದಲ್ಲಿ ಅಲ್ಲಿ ಸೇಂಟ್ ಮಾರ್ಕ್ಸ್ ಚರ್ಚು ಎದ್ದಿತು, 1859ರಲ್ಲಿ ಪೂರ್ತಿಯಾಯಿತು. ಅಂದರೆ ಇವತ್ತು ನಮ್ಮ ಮನೆ ಮುಂದೆ ಒಣಗುವ ಕಾಫಿಯೂ ಆ ಚರ್ಚೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು ಎನ್ನಬಹುದು. ಕಾಫಿ ಗಿಡ ಕೊಡಗಿನಲ್ಲಿ ಅದಕ್ಕೂ ಮೊದಲು ಅಲ್ಲಲ್ಲಿ ಇತ್ತು, ದೊಡ್ಡ ತೋಟ ಎಂಬುದು ಶುರುವಾದದ್ದು ಆಗ.

ಅದೇ 1859ನೇ ಇಸವಿಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕಳೆದುಕೊಂಡ ಹಣಕ್ಕಾಗಿ ಕಂಪೆನಿಯ ಮೇಲೆ ದಾವೆ ಹೂಡಲು ಮಗಳನ್ನೂ ಕರೆದುಕೊಂಡು 1852ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಚಿಕ್ಕವೀರರಾಜೇಂದ್ರ, ಆ ವರ್ಷ ಲಂಡನ್ನಿನಲ್ಲಿ ತೀರಿಕೊಂಡ. ಅವನ ಕೋಟೆಯಲ್ಲಿ ಅವನ ಮನೆದೇವರ ಜಾಗದಲ್ಲಿ ಅವರ ಚರ್ಚು ಮುಗಿಯಿತು, ಅವರ ಊರಿನಲ್ಲಿ ಇವನ ಆಯುಸ್ಸು ಮುಗಿಯಿತು. ಆ ಅರಸ ಮಾಡಿದ ಕ್ರೌರ್ಯಗಳನ್ನು ನಾನು ಮರೆತಿಲ್ಲ. ಆದರೂ ಈ ಎರಡು ಸಂಗತಿ ಒಂದೇ ಇಸವಿಯಲ್ಲಿ ಬಂದದ್ದನ್ನು ಓದಿದಾಗ ಮನಸ್ಸಿಗೆ ಒಂಥರಾ ಆಯಿತು.

ಇನ್ನು ಕಟ್ಟಡ. ಚಿಕ್ಕದು. ಶಹರಗಳ ದೊಡ್ಡ ಇಗರ್ಜಿಗಳನ್ನು ನೋಡಿದವರಿಗೆ ಇದು ಒಂದು ಶಾಲಾ ಕೊಠಡಿಯಷ್ಟೇ ಅನ್ನಿಸಬಹುದು. ಇದನ್ನು ಗೋಥಿಕ್ ಶೈಲಿ ಎನ್ನುತ್ತಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ಚರ್ಚು ಅಂದರೆ ಹೀಗೇ ಇರಬೇಕು ಎಂಬ ಅಭಿಪ್ರಾಯ ಬಲವಾಗಿತ್ತು. ಅದರ ಗುರುತು ಮೊನಚು ಕಮಾನು. ನಮ್ಮ ಕಡೆ ಸೇತುವೆಗೆ, ಬಾವಿಗೆ ಹಾಕುವ ಅರ್ಧಚಂದ್ರದ ಕಮಾನು ಗೋಡೆಯನ್ನು ಅಕ್ಕಪಕ್ಕಕ್ಕೆ ತಳ್ಳುತ್ತದೆ. ಎರಡು ಕೈ ಜೋಡಿಸಿ ಮುಗಿದ ಹಾಗಿರುವ ಮೊನಚು ಕಮಾನು ಭಾರವನ್ನು ಹೆಚ್ಚು ನೆಟ್ಟಗೆ ಕೆಳಕ್ಕೆ ಇಳಿಸುತ್ತದೆ, ಪಕ್ಕಕ್ಕೆ ತಳ್ಳುವುದು ಕಡಿಮೆ. ಹಾಗಾಗಿ ಕಿಟಕಿಯನ್ನು ಎತ್ತರಕ್ಕೆ ಒಯ್ಯಬಹುದು. ಎತ್ತರದ ಕಿಟಕಿಗೆ ಬಣ್ಣದ ಗಾಜು. ಬೆಳಕು ಬರುತ್ತದೆ, ಹೊರಗಿನ ದೃಶ್ಯ ಕಾಣುವುದಿಲ್ಲ. ಪ್ರಾರ್ಥನೆಗೆ ಕೂತವನ ಗಮನ ಅಂಗಳದಲ್ಲಿ ಹೋಗುವ ಕುದುರೆಯ ಕಡೆ ಹರಿಯದಿರಲಿ ಎಂಬುದೂ ಇದ್ದೀತು. ಮಾಡು ಕಡಿದಾದ ಇಳಿಜಾರು. ಅದು ಮಂಜು ಬೀಳುವ ದೇಶದವರು ಕಲಿತ ಇಳಿಜಾರು, ನಮ್ಮ ಆಟಿ ತಿಂಗಳ ಜಡಿಮಳೆಗೂ ಸರಿಹೋಯಿತು.

ಈ ಶೈಲಿ ನಮಗೆ ಹೊರಗಿನದು ಎಂದು ಕೆಲವರು ಮೂಗು ಮುರಿಯುವುದುಂಟು. ಹಾಗಾದರೆ ಓಂಕಾರೇಶ್ವರ ದೇವಸ್ಥಾನವನ್ನು ಏನನ್ನಬೇಕು? ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಆ ದೇವಸ್ಥಾನಕ್ಕೆ ನಡುವೆ ಗುಂಬಜು, ನಾಲ್ಕು ಮೂಲೆಗೆ ಮಿನಾರಿನಂಥ ಕಂಬ. ರಾಜರ ಗದ್ದುಗೆಗಳ ಮೇಲೂ ಗುಂಬಜೇ. ಲಿಂಗಾಯತ ಅರಸರ ಸಮಾಧಿಗೆ ಮುಸಲ್ಮಾನರ ರೀತಿಯ ಗುಂಬಜು, ಅದರ ಮೇಲೆ ನಂದಿ. ಕೊಡಗಿನಲ್ಲಿ ಕಟ್ಟಿಸಿದವರು ಎಂದೂ ಒಂದೇ ಊರಿನ ಪಾಠ ಓದಿದವರಲ್ಲ. ದೇವಸ್ಥಾನ ತೆಗೆದು ಚರ್ಚು ಕಟ್ಟಿದ್ದು ಸರಿ ಎಂದು ನಾನು ಹೇಳಲಾರೆ, ಅದು ಗೆದ್ದವರು ಮಾಡಿದ ಕೆಲಸ. ಕಟ್ಟಡದ ಗುಣವನ್ನು ಮಾತ್ರ ಅದರ ಕೆಲಸ ನೋಡಿ ಹೇಳಬೇಕಾಗುತ್ತದೆ.

1947ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷ್ ಅಧಿಕಾರಿಗಳು ಹೋದರು, ಪ್ಲಾಂಟರುಗಳೂ ಒಬ್ಬೊಬ್ಬರಾಗಿ ತೋಟ ಮಾರಿ ಹೊರಟರು. ಚರ್ಚಿಗೆ ಬರುವವರು ಇಲ್ಲವಾದರು, ಬಾಗಿಲು ಮುಚ್ಚಿತು. ಇಲ್ಲಿ ಒಂದು ಮಾತು ಎಲ್ಲ ಕೃಷಿಕರಿಗೂ ಗೊತ್ತು. ಆಳು ವಾಸ ಇಲ್ಲದ ಲೈನ್ ಮನೆ ಎಷ್ಟು ಬೇಗ ಬೀಳುತ್ತದೆ! ವಾಸ ಇದ್ದಾಗ ಒಲೆಯ ಹೊಗೆ ಮಾಡಿಗೆ ಹತ್ತುತ್ತದೆ, ಗೆದ್ದಲು ದೂರ ಇರುತ್ತದೆ, ಒಂದು ಹೆಂಚು ಜಾರಿದರೆ ಆ ರಾತ್ರಿಯೇ ನೀರು ತಲೆ ಮೇಲೆ ತೊಟ್ಟಿಕ್ಕಿ ಬೆಳಿಗ್ಗೆ ಸರಿಮಾಡುತ್ತಾರೆ. ಯಾರೂ ಇಲ್ಲದ ಮನೆಯಲ್ಲಿ ಜಾರಿದ ಹೆಂಚು ಜಾರಿದಂತೆಯೇ ಇದ್ದು, ಪಕಾಸಿ ಕೊಳೆತು, ಎರಡು ಮಳೆಗಾಲಕ್ಕೆ ಗೋಡೆಯ ತಲೆ ಕರಗಿ, ಮೂರನೆಯದಕ್ಕೆ ಗೋಡೆಯೇ ಕೂರುತ್ತದೆ. ವರ್ಷಕ್ಕೆ ನೂರು ಇಂಚು ಮೀರಿ ಮಳೆ ಸುರಿಯುವ ಮಡಿಕೇರಿಯಲ್ಲಿ ಬಾಗಿಲು ಹಾಕಿದ ಚರ್ಚು ಹಾಗೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಉಳಿಯುತ್ತಿರಲಿಲ್ಲ ಎಂಬುದು ನನ್ನ ಅಂದಾಜು.

1971ರಲ್ಲಿ ರಾಜ್ಯ ಸರ್ಕಾರ, ಆಗಿನ್ನೂ ಮೈಸೂರು ಸರ್ಕಾರ, ಕಟ್ಟಡವನ್ನು ತೆಗೆದುಕೊಂಡಿತು. ಮುಂದೆ ಅಲ್ಲಿ ಪ್ರಾಚ್ಯವಸ್ತು ಇಲಾಖೆಯ ಸಂಗ್ರಹಾಲಯ ನಡೆಯಿತು. ಕಾಡುಪಾಲಾಗಿದ್ದ ವೀರಗಲ್ಲುಗಳು, ಪಾಳುಬಿದ್ದ ಗುಡಿಗಳ ವಿಗ್ರಹಗಳು, ಜೈನ ಶಿಲ್ಪಗಳು, ಹಳೆಯ ಆಯುಧಗಳು ಬಂದು ಸೇರಿದವು. ದೇವರನ್ನು ಎಬ್ಬಿಸಿ ಕಟ್ಟಿದ ಜಾಗಕ್ಕೆ ನೂರು ವರ್ಷ ದಾಟಿದ ಮೇಲೆ ಮನೆ ಕಳೆದುಕೊಂಡ ದೇವರುಗಳೇ ಆಶ್ರಯಕ್ಕೆ ಬಂದ ಹಾಗಾಯಿತು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಎಷ್ಟೋ ಹಳ್ಳದ ಬದಿ ಬಟ್ಟೆ ಒಗೆಯುವ ಕಲ್ಲಾಗಿ ಸವೆದುಹೋದವು. ಅಲ್ಲಿಗೆ ಸೇರಿದವಾದರೂ ಉಳಿದವು.

ಮ್ಯೂಸಿಯಂಗೆ ಈ ಕಟ್ಟಡ ಯಾಕೆ ಒಗ್ಗಿತು? ಚರ್ಚು ಅಂದರೆ ಮೂಲತಃ ಒಂದೇ ಉದ್ದನೆಯ ಕೋಣೆ. ನಡುವೆ ಅಡ್ಡಗೋಡೆ ಇಲ್ಲ. ಬೆಂಚು ತೆಗೆದರೆ ನೆಲ ಖಾಲಿ. ಒಂದು ಕಡೆಯಿಂದ ಒಳಗೆ ಬಂದು, ಎರಡೂ ಬದಿ ನೋಡುತ್ತ ನಡೆದು, ತಿರುಗಿ ಬರಬಹುದು. ಮೊದಲು ಜನ ಹೀಗೇ ನಡೆದು ಪೂಜಾಪೀಠದವರೆಗೆ ಹೋಗುತ್ತಿದ್ದರು. ಅಂದರೆ ಹೊಸ ಕೆಲಸ ಹಳೆಯ ನಡಿಗೆಯನ್ನೇ ಹಿಡಿದುಕೊಂಡಿತು. ಗೋಡೆ ಒಡೆಯಬೇಕಾಗಲಿಲ್ಲ, ಕಿಟಕಿ ಮುಚ್ಚಬೇಕಾಗಲಿಲ್ಲ. ತೊಂದರೆ ಇಲ್ಲದೆ ಇಲ್ಲ. ಬಣ್ಣದ ಗಾಜಿನ ಬೆಳಕು ಪ್ರಾರ್ಥನೆಗೆ ಚೆಂದ, ಕಲ್ಲಿನ ಕೆತ್ತನೆ ನೋಡುವುದಕ್ಕೆ ಸಾಲದು, ದೀಪ ಹಾಕಬೇಕು. ಮಳೆಗಾಲದ ತೇವ ಕಬ್ಬಿಣದ ಆಯುಧಕ್ಕೆ ಒಳ್ಳೆಯದಲ್ಲ. ಕಟ್ಟಡ ಚಿಕ್ಕದಾದ್ದರಿಂದ ಸಾಮಾನು ಹೆಚ್ಚಿದಂತೆ ಇಕ್ಕಟ್ಟು. ಆದರೂ ಶಾಲೆ ಮಕ್ಕಳು ಇವತ್ತಿಗೂ ಸಾಲಾಗಿ ಒಳಗೆ ಹೋಗುತ್ತಾರೆ ಎಂಬುದನ್ನು ಮರೆಯಬಾರದು.

ಪಕ್ಕದ ಅರಮನೆಯ ಕತೆ ಬೇರೆ. ಅದು ಸುಮಾರು 110 ಅಡಿ ಉದ್ದದ ಎರಡಂತಸ್ತಿನ ಕಟ್ಟಡ, ನಡುವೆ ತೆರೆದ ಅಂಗಳ. ಹೊರಗೆ ಗಾರೆಯ ಎರಡು ಆನೆ ನಿಂತಿವೆಯಲ್ಲ, ಮಕ್ಕಳು ಮೊದಲು ಓಡುವುದು ಅಲ್ಲಿಗೇ. 1834ರಿಂದ ಅಲ್ಲಿ ಕಚೇರಿ. 1933ರಲ್ಲಿ ಗಡಿಯಾರದ ಗೋಪುರವನ್ನೂ, ಕಮಿಷನರ್ ಸಾಹೇಬರ ಮೋಟಾರು ನಿಲ್ಲಲು ಮುಂದೆ ಒಂದು ಪೋರ್ಟಿಕೋವನ್ನೂ ಸೇರಿಸಿದರು. ಅರಸನ ಮನೆಗೆ ಕಾರಿನ ಕೊಟ್ಟಿಗೆ ಸೇರಿಸಿದ್ದು ನೋಡಿ ನಗು ಬರುತ್ತದೆ, ಆದರೆ ಈಗ ಅದೂ ಚರಿತ್ರೆಯೇ, ಗಡಿಯಾರವಿಲ್ಲದ ಕೋಟೆಯನ್ನು ನಮ್ಮ ಕಣ್ಣು ಒಪ್ಪುವುದಿಲ್ಲ. ಮುಂದೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ 24 ಸದಸ್ಯರ ವಿಧಾನಸಭೆ ನಮಗಿತ್ತು. ಕೋಟೆಯ ಹಳೇ ವಿಧಾನ ಸಭಾಂಗಣ ಎಂಬ ಹೆಸರು ಇಂದಿಗೂ ನಿಂತಿದೆ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಜಿಲ್ಲಾ ಕಚೇರಿಗಳು ಅಲ್ಲೇ ಮುಂದುವರಿದವು. ಪಹಣಿಗೆ, ಕೋವಿ ಲೈಸೆನ್ಸಿಗೆ, ಜಮ್ಮಾ ದಾಖಲೆಗೆ ನಮ್ಮ ತಂದೆಯವರು, ಅಜ್ಜಂದಿರು ಅಲೆದದ್ದು ಅಲ್ಲಿಗೇ.

ಕಚೇರಿ ಅಂದರೆ ಕಡತ, ಕಡತಕ್ಕೆ ಬೀರು, ಬೀರುವಿಗೆ ಜಾಗ. ಜನ ಹೆಚ್ಚಿದ ಹಾಗೆ ಅಡ್ಡಗೋಡೆ, ಹಲಗೆ ತಡಿಕೆ, ವಿದ್ಯುತ್ ತಂತಿ, ನೀರಿನ ಪೈಪು. ಯಾರನ್ನೂ ದೂರುವ ಮಾತಲ್ಲ ಇದು, ಯಾವ ಊರಿನ ಯಾವ ಹಳೇ ಕಟ್ಟಡಕ್ಕೆ ಕಚೇರಿ ಬಂದರೂ ಆಗುವುದು ಇದೇ. ಇತ್ತೀಚಿನ ವರ್ಷಗಳಲ್ಲಿ ಕಚೇರಿಗಳು ಕೋಟೆಯಿಂದ ಹೊರಗೆ ಹೊಸ ಕಟ್ಟಡಗಳಿಗೆ ಹೋಗಿ, ಅರಮನೆಯ ದುರಸ್ತಿಯನ್ನು ಕೇಂದ್ರ ಪುರಾತತ್ವ ಇಲಾಖೆ ಕೈಗೆತ್ತಿಕೊಂಡಿತು. ಹಾಗೆ ನೋಡಿದರೆ ಅರಮನೆ 180 ವರ್ಷ ಬಿಡುವಿಲ್ಲದೆ ದುಡಿಯಿತು. ದುಡಿದದ್ದರಿಂದಲೇ ಉಳಿಯಿತು, ದುಡಿದದ್ದರಿಂದಲೇ ಸವೆಯಿತು.

ಈ ಮಾತು ಕೊಡಗಿಗೆ ಮಾತ್ರ ಸೇರಿದ್ದಲ್ಲ. 1885ರ ಹೊತ್ತಿಗೆ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಬಿಜಾಪುರಕ್ಕೆ ತಂದಾಗ, ಹೊಸ ಕಟ್ಟಡ ಯಾಕೆ ಅಂತ ಆದಿಲ್‌ಶಾಹಿ ಮಹಲುಗಳಲ್ಲೇ ಕಚೇರಿ, ಬಂಗಲೆ ಮಾಡಿದರು. ಒಂದು ಮಸೀದಿ ಪ್ರವಾಸಿ ಬಂಗಲೆಯಾಯಿತು, ಇನ್ನೊಂದು ಅಂಚೆ ಕಚೇರಿಯಾಯಿತು. ಮುಂದೆ ವೈಸರಾಯ್ ಆಗಿ ಬಂದ ಲಾರ್ಡ್ ಕರ್ಜನ್‌ಗೆ ಇದು ಸರಿಕಾಣದೆ ಅವುಗಳನ್ನು ಬಿಡಿಸಿದ. ಅದೇ ಊರಿನಲ್ಲಿ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ಶುರುವಾದ ವಸ್ತುಸಂಗ್ರಹಾಲಯ ಮಾತ್ರ ಇಂದಿಗೂ ನಡೆಯುತ್ತಿದೆ. ನಗಾರಿ ಬಾರಿಸುವುದಕ್ಕೆಂದು ಕಟ್ಟಿದ ಎತ್ತರದ ಕಮಾನಿನ ಹಜಾರ ಶಾಸನಗಳನ್ನು, ಶಿಲ್ಪಗಳನ್ನು ಇಡಲು ಚೆನ್ನಾಗಿ ಒಗ್ಗಿತು. ಮಸೀದಿಯಲ್ಲಿ ಊಟದ ಮೇಜು ಹಾಕುವುದಕ್ಕೂ ಇದಕ್ಕೂ ಇರುವ ಅಂತರ ಎಂಥವರಿಗೂ ಗೊತ್ತಾಗುತ್ತದೆ.

ಬೆಂಗಳೂರಿಗೆ ಹೋದವರು ವಿಧಾನಸೌಧದ ಎದುರಿನ ಕೆಂಪು ಕಟ್ಟಡ ನೋಡಿರುತ್ತೀರಿ. ಮೈಸೂರು ಆಡಳಿತದ ಕಚೇರಿಗಳು 1831ರಿಂದ ಟಿಪ್ಪುವಿನ ಮರದ ಅರಮನೆಯಲ್ಲಿದ್ದವು. ಜಾಗ ಸಾಲದೆ 1868ರಲ್ಲಿ ಈ ಹೊಸ ಕಟ್ಟಡಕ್ಕೆ ಬಂದವು. ಹದಿನೆಂಟು ಇಲಾಖೆ ಇದ್ದದ್ದರಿಂದ ಅಠಾರಾ ಕಚೇರಿ. ಈಗ ಅದು ಹೈಕೋರ್ಟು. 1980ರ ದಶಕದಲ್ಲಿ ಅದನ್ನು ಕೆಡವಿ ಹೊಸದು ಕಟ್ಟುವ ಮಾತು ಬಂದು, ಜನ ಎದ್ದು ನಿಂತು, ಕಟ್ಟಡ ಉಳಿಯಿತು. ಅಲ್ಲಿ ಉಳಿಸಲು ದೊಡ್ಡ ದೊಡ್ಡವರು ಇದ್ದರು. ನಮ್ಮೂರ ಚಾವಡಿಗೆ ಇರುವುದು ನಾವೇ.

ಚಾವಡಿಯ ವಿಷಯಕ್ಕೆ ಬರುತ್ತೇನೆ. ಪಾರುಪತ್ತೆಗಾರರು ಕಂದಾಯ ವಸೂಲಿಗೆ ಬಂದು ಕೂರುತ್ತಿದ್ದ ಚಾವಡಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮುಂದೆ ಎತ್ತರದ ಜಗಲಿ, ನಾಲ್ಕು ಮರದ ಕಂಬ. ಜಗಲಿ ಯಾಕೆ ಅಷ್ಟು ಎತ್ತರ ಅಂದರೆ ಕೂತ ಅಧಿಕಾರಿಗೂ ಕೆಳಗೆ ನಿಂತ ರೈತನಿಗೂ ಅಂತರ ಕಾಣಲಿ ಎಂದು. ಆ ಎತ್ತರದ ಮೇಲೆ ಈಗ ನಾವು ಕಾಲು ಇಳಿಬಿಟ್ಟು ಕೂತು ಬೀಡಿ ಸೇದುತ್ತ ಕಾಫಿ ರೇಟು ಮಾತಾಡುತ್ತೇವೆ. ಒಳಗೆ ಒಂದು ದೊಡ್ಡ ಪಡಸಾಲೆ, ಹಿಂದೆ ಕಿಟಕಿ ಇಲ್ಲದ ಒಂದು ಚಿಕ್ಕ ಕೋಣೆ, ಅದು ದಾಖಲೆ ಮತ್ತು ಹಣದ ಪೆಟ್ಟಿಗೆಗೆ. ಮಣ್ಣಿನ ಗೋಡೆ ಒಂದು ಮೊಳಕ್ಕಿಂತ ದಪ್ಪ, ಮೇಲೆ ಸುಣ್ಣದ ಗಾರೆ. ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಾಗಾಗಿ ಈ ಹೆಂಚು ಅದಾದ ಮೇಲಿನದು, ಗೋಡೆ ಅದಕ್ಕೂ ಹಳೆಯದಿರಬಹುದು.

ನಮ್ಮ ಸಂಘ ಶುರುವಾದಾಗ ಸ್ವಂತ ಕಟ್ಟಡ ಎಲ್ಲಿತ್ತು? ಆ ಪಡಸಾಲೆಯಲ್ಲೇ ಒಂದು ಮೇಜು, ಒಂದು ಬೀರು. ಚಿಕ್ಕ ಕೋಣೆಯಲ್ಲಿ ನಗದು ಪೆಟ್ಟಿಗೆ. ಕಂದಾಯ ಕಟ್ಟಲು ನಿಂತ ಜಾಗದಲ್ಲೇ ಸಾಲ ಪಡೆಯಲು ನಿಂತೆವು, ಕೊಡುವ ಕೈ ಇದ್ದಲ್ಲಿ ತೆಗೆದುಕೊಳ್ಳುವ ಕೈ ಬಂತು. ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಿನಿಂದ ಎಷ್ಟು ಸಾವಿರ ಸಂಘಗಳು ಹೀಗೆ ಒಂದು ಮೇಜಿನಿಂದ ಶುರುವಾಗಿರಬಹುದು, ಯೋಚಿಸಿ. 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡ ಜರಿದು ಕೊಡಗು ತತ್ತರಿಸಿದಾಗ ಆಚೆ ಬದಿಯ ನಾಲ್ಕು ಮನೆಯವರು ಮಲಗಿದ್ದು ಆ ಪಡಸಾಲೆಯಲ್ಲೇ. ಹಿಂದೆ ಹರಿವ ನೀರು ಇಲ್ಲ, ಮೇಲೆ ಬೀಳುವ ಗುಡ್ಡ ಇಲ್ಲ. ಜಾಗ ಆರಿಸಿದವರು ಗುಡ್ಡವನ್ನು ಬಲ್ಲವರಾಗಿದ್ದರು.

ಕೆಡವಬೇಕು ಎನ್ನುವ ನನ್ನ ಸಹ ನಿರ್ದೇಶಕರ ವಾದವನ್ನೂ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹೆಂಚು ಕಳಚಿ ಹಾಕಬೇಕು, ಹೆಂಚು ಹಾಕಬಲ್ಲ ಕೆಲಸಗಾರರು ಸಿಗುವುದಿಲ್ಲ. ಗೋಡೆ ಬುಡದಲ್ಲಿ ತೇವ, ಗಾರೆ ಉದುರುತ್ತಿದೆ. ಮಳಿಗೆ ಬಾಡಿಗೆ ಬಂದರೆ ಸಂಘಕ್ಕೆ ಖಾಯಂ ಆದಾಯ. ಊರ ನಡುವೆ ಅಂಥ ಜಾಗ ಇನ್ನೊಂದಿಲ್ಲ. ಇದರಲ್ಲಿ ಯಾವುದೂ ಸುಳ್ಳಲ್ಲ. ಮಳಿಗೆ ಬಾಡಿಗೆಯ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವೂ ಇಲ್ಲ.

ತೇವದ ಮಾತಿಗೆ ಉತ್ತರ ಇದೆ. ಸುಮಾರು ಹದಿನೈದು ವರ್ಷದ ಹಿಂದೆ ಗಟ್ಟಿಯಾಗಲಿ ಎಂದು ಗೋಡೆಯ ಕೆಳಭಾಗಕ್ಕೆ ಸಿಮೆಂಟು ಬಳಿಯಲಾಯಿತು. ಸುಣ್ಣದ ಗಾರೆ ಉಸಿರಾಡುತ್ತದೆ. ನೆಲದಿಂದ ಮೇಲೇರಿದ ತೇವ ಅದರ ಮೂಲಕ ಬೇಸಿಗೆಯಲ್ಲಿ ಹೊರಗೆ ಆರಿಹೋಗುತ್ತದೆ. ಸಿಮೆಂಟು ಬಾಯಿ ಮುಚ್ಚಿದ ಹಾಗೆ. ತೇವ ಒಳಗೇ ಉಳಿದು, ಸಿಮೆಂಟಿನ ಮೇಲಂಚಿನಲ್ಲಿ ಹೊರಬಂದು ಅಲ್ಲಿಯ ಗಾರೆಯನ್ನು ತಿನ್ನುತ್ತದೆ. ಹೋಗಿ ನೋಡಿ, ಗಾರೆ ಉದುರಿರುವುದು ಸರಿಯಾಗಿ ಆ ಗೆರೆಯ ಮೇಲೆ. ಎರಡನೆಯದು, ಹಿಂದಿನ ಭಾಗದಲ್ಲಿ ನಾವು ಗೊಬ್ಬರದ ಮೂಟೆ ಒಟ್ಟುತ್ತ ಬಂದೆವು. ಯೂರಿಯಾ, ಪೊಟ್ಯಾಷ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಅವುಗಳ ಉಪ್ಪು ಗೋಡೆಗೆ ಇಳಿದರೆ ಗಾರೆಯೂ ಉಳಿಯದು, ಮೊಳೆ ತಿರುಪೂ ಉಳಿಯದು. ಚಾವಡಿಯನ್ನು ಕಟ್ಟಿದ್ದು ಜನ ಕೂರಲು ಮತ್ತು ಕಾಗದ ಇಡಲು. ಗೊಬ್ಬರದ ಗೋದಾಮಿನ ಕೆಲಸ ಅದಕ್ಕೆ ಕೊಟ್ಟದ್ದು ಚರ್ಚಿನಲ್ಲಿ ಕುದುರೆ ಕಟ್ಟಿದ ಹಾಗೆ.

ಗೋದಾಮಿಗೆ ಬೇಕಾದದ್ದು ಲಾರಿ ಹಿಂದಕ್ಕೆ ಬರಲು ಜಾಗ, ಎತ್ತರದ ನೆಲಗಟ್ಟು, ಗಾಳಿಗೆ ಮೇಲ್ಕಿಟಕಿ, ಮೂಟೆಗೂ ಗೋಡೆಗೂ ನಡುವೆ ಅಂತರ. ಊರ ನಡುವಿನ ಆ ಓಣಿಗೆ ಲಾರಿ ಬಂದರೆ ಎದುರಿಗೆ ಶಾಲೆ ವ್ಯಾನು ನಿಲ್ಲಬೇಕಾಗುತ್ತದೆ. ಮುಖ್ಯರಸ್ತೆಯ ಬದಿಗೆ ಸಂಘದ ಹೆಸರಿನಲ್ಲೇ ಇರುವ ಹಳೇ ಕಣದ ಜಾಗ ಇದಕ್ಕೆ ಒಳ್ಳೆಯದು. ಮಳಿಗೆ ಕಟ್ಟಿದರೆ ಅಲ್ಲೇ ಬಸ್ಸಿಳಿದವರು ಬರುತ್ತಾರೆ.

ಚಾವಡಿಗೆ ನಾನು ಕೇಳುವುದು ಇಷ್ಟು: ಗೊಬ್ಬರ ಹೊರಗೆ ತರುವುದು, ಬುಡದ ಸಿಮೆಂಟು ಕೆತ್ತಿ ಸುಣ್ಣದ ಗಾರೆ ಮಾಡುವುದು, ಹಿಂಬದಿ ಚರಂಡಿ ತೆರೆಯುವುದು, ಕೊಳೆತ ನಾಲ್ಕೈದು ಪಕಾಸಿ ಬದಲಾಯಿಸುವುದು. ಪಡಸಾಲೆಯಲ್ಲಿ ಸಂಘದ ಸಭೆ, ಮಹಿಳಾ ಸ್ವಸಹಾಯ ಗುಂಪುಗಳ ವಾರದ ಲೆಕ್ಕ, ಸಂಜೆ ಮಕ್ಕಳಿಗೆ ಓದುವ ಕೋಣೆ. ಚಿಕ್ಕ ಕೋಣೆಯಲ್ಲಿ ಸಂಘದ ಹಳೇ ಲೆಡ್ಜರುಗಳು ಮತ್ತು ಮೊದಲ ನಡವಳಿ ಪುಸ್ತಕ. ಆ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ ಹಿರಿಯರ ಮೊಮ್ಮಕ್ಕಳು ಈಗ ಕಂಪ್ಯೂಟರಿನಲ್ಲಿ ಪಾಸ್‌ಬುಕ್ ಮುದ್ರಿಸುತ್ತಿದ್ದಾರೆ. ಎರಡನ್ನೂ ಒಂದೇ ಮಾಡಿನ ಕೆಳಗೆ ನೋಡುವ ಅವಕಾಶ ಎಲ್ಲ ಊರಿಗೂ ಇರುವುದಿಲ್ಲ. ಹೆಂಚಿನ ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬ ಮಾತಿಗೆ, ನಮ್ಮ ಊರಿನಲ್ಲೇ ಇನ್ನೂ ಇಬ್ಬರಿದ್ದಾರೆ. ಒಬ್ಬರಿಗೆ ವಯಸ್ಸಾಗಿದೆ, ಮಾಡು ಹತ್ತಲಾರರು, ಕೆಳಗೆ ನಿಂತು ಹೇಳಿಕೊಡುತ್ತೇನೆ ಎಂದಿದ್ದಾರೆ. ಕಲಿಯಲು ಮೂವರು ಹುಡುಗರು ಹೆಸರು ಕೊಟ್ಟಿದ್ದಾರೆ.

ಎರಡೂ ಕೆಲಸದ ಅಂದಾಜುಪಟ್ಟಿ, ಅಂದರೆ ಕೆಡವಿ ಕಟ್ಟುವುದರದ್ದು ಒಂದು, ದುರಸ್ತಿ ಮಾಡಿ ಕಣದಲ್ಲಿ ಗೋದಾಮು ಕಟ್ಟುವುದರದ್ದು ಒಂದು, ಸಂಘದ ಕಚೇರಿಯಲ್ಲಿ ಇದೆ. ಯಾವ ಸದಸ್ಯರು ಕೇಳಿದರೂ ತೋರಿಸಬೇಕೆಂದು ಅಧ್ಯಕ್ಷರು ಹೇಳಿದ್ದಾರೆ, ಅವರ ಅಭಿಪ್ರಾಯ ನನ್ನದಕ್ಕೆ ವಿರುದ್ಧವಾಗಿದ್ದರೂ. ಮಹಾಸಭೆಗೆ ಬರುವ ಮೊದಲು ಒಂದು ಸಲ ಚಾವಡಿಯೊಳಗೆ ಹೋಗಿ ಬನ್ನಿ. ಬೆಳಿಗ್ಗೆ ಹೋದರೆ ಗೋಡೆಯ ಗೆರೆ ಚೆನ್ನಾಗಿ ಕಾಣುತ್ತದೆ. ಕೀಲಿ ಕಾರ್ಯದರ್ಶಿಗಳ ಹತ್ತಿರ ಇದೆ. ಮಳೆಗೆ ಬಾಗಿಲು ಉಬ್ಬಿದೆ, ಸ್ವಲ್ಪ ಎತ್ತಿ ತಳ್ಳಬೇಕು.